ಬಾಗಿಲು ಭದ್ರ ಮಾಡಿದ್ದೆ, ಹಳೆಯ ನಕಲು ತೆರೆದೇ ಇತ್ತು

2021ರ ಜುಲೈ 20. ಕೊರೊನಾದ ಎರಡನೇ ಅಲೆ ಇಳಿದಿತ್ತು, 26ರಿಂದ ಕಾಲೇಜು ತೆರೆಯಲು ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಮೂರು ಲ್ಯಾಬ್, 94 ಕಂಪ್ಯೂಟರ್. ತಿಂಗಳುಗಟ್ಟಲೆ ಧೂಳು ತಿಂದಿದ್ದ ಅವನ್ನೆಲ್ಲ ಒಂದೊಂದಾಗಿ ಆನ್ ಮಾಡಿ ಬಾಕಿ ಉಳಿದ ಅಪ್‌ಡೇಟ್ ಹಾಕುತ್ತಿದ್ದೆ.

ಆ ದಿನವೇ ಸುದ್ದಿ ಬಂತು. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಪಾಸ್‌ವರ್ಡ್ ಹ್ಯಾಶ್‌ಗಳಿರುವ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ಇಡುವ ಗುಪ್ತ ರೂಪ) ಸ್ಯಾಮ್ ಫೈಲನ್ನು ಯಾವ ಸಾಮಾನ್ಯ ಬಳಕೆದಾರ ಬೇಕಾದರೂ ಓದಬಹುದಂತೆ. ಜೋನಾಸ್ ಲಿಕ್ಕೆಗಾರ್ಡ್ ಎಂಬ ಸಂಶೋಧಕರು ವಿಂಡೋಸ್ 11ರ ಪರೀಕ್ಷಾ ಆವೃತ್ತಿಯನ್ನು ನೋಡುವಾಗ ಇದನ್ನು ಗಮನಿಸಿದ್ದರು. ಮೈಕ್ರೋಸಾಫ್ಟ್ ಇದಕ್ಕೆ ಸಿವಿಇ-2021-36934 ಎಂಬ ದೋಷ ಸಂಖ್ಯೆ ಕೊಟ್ಟಿತು, ಜನ ಹೈವ್‌ನೈಟ್‌ಮೇರ್ ಎಂದು ಕರೆದರು.

ನನಗೆ ನಂಬಿಕೆ ಬರಲಿಲ್ಲ. ಹಿಂದೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹ್ಯಾಶ್‌ಗಳು ಎಲ್ಲರೂ ಓದಬಹುದಾದ ಪಾಸ್‌ವರ್ಡ್ ಫೈಲಿನಲ್ಲೇ ಇರುತ್ತಿದ್ದವು, ಅದು ಅಪಾಯವೆಂದು ಆಮೇಲೆ ಸಾಮಾನ್ಯ ಬಳಕೆದಾರರು ಓದಲಾಗದ ಶ್ಯಾಡೋ ಎಂಬ ಬೇರೆ ಫೈಲಿಗೆ ಸರಿಸಿದರು ಎಂದು ಪ್ರತಿ ವರ್ಷ ಪಾಠ ಹೇಳುವವನು ನಾನು. ಅದೇ ತಪ್ಪು 2021ರಲ್ಲೂ ಇರಲು ಸಾಧ್ಯವೇ? ವಿದ್ಯಾರ್ಥಿಗಳ ಅಕೌಂಟಿನಿಂದ ಲಾಗಿನ್ ಆಗಿ, ಫೈಲಿನ ಅನುಮತಿ ತೋರಿಸುವ ಐಕ್ಯಾಕಲ್ಸ್ ಆಜ್ಞೆಯನ್ನು ಸ್ಯಾಮ್ ಫೈಲಿನ ಮೇಲೆ ಕೊಟ್ಟೆ. 'ಆಕ್ಸೆಸ್ ಡಿನೈಡ್' ಎಂದು ಬರಬೇಕಿತ್ತು. ಬದಲಿಗೆ ಅನುಮತಿಗಳ ಪಟ್ಟಿಯೇ ಬಂತು. ಅದರಲ್ಲಿ 'ಯೂಸರ್ಸ್' ಗುಂಪಿನ ಮುಂದೆ 'ಆರ್‌ಎಕ್ಸ್', ಅಂದರೆ ಓದಲು ಮುಕ್ತ. ಎದೆ ಧಸಕ್ಕೆಂದಿತು.

ವಿಂಡೋಸ್ ಓಡುತ್ತಿರುವಾಗ ಆ ಫೈಲನ್ನು ಸಿಸ್ಟಮ್ ತಾನೇ ಹಿಡಿದುಕೊಂಡಿರುತ್ತದೆ, ಅನುಮತಿ ಇದ್ದರೂ ನೇರವಾಗಿ ತೆರೆಯಲಾಗದು. ಅಪಾಯ ಇದ್ದದ್ದು ಶ್ಯಾಡೋ ಕಾಪಿಗಳಲ್ಲಿ. ಸಿಸ್ಟಮ್ ರೀಸ್ಟೋರ್‌ಗಾಗಿ ವಿಂಡೋಸ್ ಇಡೀ ಡ್ರೈವಿನ ನಕಲನ್ನು ಆಗಾಗ ತೆಗೆದಿಡುತ್ತದೆ. ನಕಲಿನೊಳಗಿನ ಸ್ಯಾಮ್ ಫೈಲನ್ನು ಯಾರೂ ಹಿಡಿದುಕೊಂಡಿರುವುದಿಲ್ಲ, ಅನುಮತಿ ಮಾತ್ರ ಮೂಲದ್ದೇ. ಹ್ಯಾಶ್ ಬಿಡಿಸಲು ಬೇಕಾದ 'ಸಿಸ್ಟಮ್' ಎಂಬ ಹೆಸರಿನ ಫೈಲೂ ಅದೇ ಫೋಲ್ಡರಿನಲ್ಲಿ ಅಷ್ಟೇ ಮುಕ್ತವಾಗಿರುತ್ತದೆ. ಯಾವ ನಕಲುಗಳಿವೆ ಎಂದು ಪಟ್ಟಿ ನೋಡಲು ಅಡ್ಮಿನ್ ಅಧಿಕಾರ ಬೇಕು ನಿಜ. ಆದರೆ ಅವುಗಳ ಹೆಸರಿನ ಕೊನೆಗೆ 1, 2, 3 ಎಂಬ ಅಂಕಿ ಅಷ್ಟೇ ಇರುತ್ತದೆ. ಊಹಿಸುವುದು ಎಷ್ಟು ಹೊತ್ತಿನ ಕೆಲಸ?

ಮಾರನೇ ದಿನ ಬಕ್ರೀದ್ ರಜೆ. ಲ್ಯಾಬ್ ಅಟೆಂಡರ್ ಅಣ್ಣನಿಗೆ ಫೋನ್ ಮಾಡಿ ಬೀಗದ ಕೈ ತರಿಸಿದೆ. "ಸರ್, ಹಬ್ಬದ ದಿನಾನೂ ಬಿಡಲ್ವಾ?" ಅಂದರು, ಆದರೂ ಸಂಜೆವರೆಗೆ ಜೊತೆಗಿದ್ದರು. ಮೈಕ್ರೋಸಾಫ್ಟ್ ಸೂಚಿಸಿದ್ದ ತಾತ್ಕಾಲಿಕ ಪರಿಹಾರದ ಮೊದಲ ಹೆಜ್ಜೆ ಸರಳ: ಸ್ಯಾಮ್ ಫೈಲಿರುವ ಕಾನ್ಫಿಗ್ ಫೋಲ್ಡರಿನ ಒಳಗಿನ ಫೈಲುಗಳಿಗೆ ಐಕ್ಯಾಕಲ್ಸ್‌ನಲ್ಲೇ ಇನ್ಹೆರಿಟೆನ್ಸ್ ಚಾಲೂ ಮಾಡುವುದು. ಆಗ ಮೇಲಿನ ಫೋಲ್ಡರಿನ ಬಿಗಿ ನಿಯಮವೇ ಫೈಲುಗಳಿಗೂ ಬರುತ್ತದೆ. ಸಂಜೆಯೊಳಗೆ 93 ಮುಗಿಯಿತು, ಒಂದು ಸರ್ವೀಸಿಗೆ ಹೋಗಿತ್ತು. ವಿದ್ಯಾರ್ಥಿ ಅಕೌಂಟಿನಿಂದ ನೋಡಿದರೆ ಎಲ್ಲೆಡೆ 'ಆಕ್ಸೆಸ್ ಡಿನೈಡ್'. ನೆಮ್ಮದಿಯಿಂದ ಮನೆಗೆ ಹೋದೆ.

ತಪ್ಪಿದ್ದು ಅಲ್ಲೇ. ಎರಡನೇ ಹೆಜ್ಜೆಯನ್ನು, ಅಂದರೆ ಹಳೆಯ ಶ್ಯಾಡೋ ಕಾಪಿಗಳನ್ನು ಅಳಿಸುವುದನ್ನು, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದೆ. ಗುರುವಾರ ಬೆಳಿಗ್ಗೆ, ಶ್ಯಾಡೋ ಕಾಪಿಯ ದಾರಿಯಲ್ಲಿ ಸ್ಯಾಮ್ ಫೈಲನ್ನು ತೆರೆಯಲು ಯತ್ನಿಸುವ ಪುಟ್ಟ ಸಿ ಪ್ರೋಗ್ರಾಂ ಬರೆದು, ವಿದ್ಯಾರ್ಥಿ ಅಕೌಂಟಿನಲ್ಲಿ ಓಡಿಸಿದೆ. ಒಂದನೇ ಲ್ಯಾಬಿನಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲಿ ಮೊದಲ ಕಂಪ್ಯೂಟರಿನಲ್ಲೇ ಫೈಲ್ ತೆರೆಯಿತು. ನಾನು ಅನುಮತಿ ಬಿಗಿ ಮಾಡಿದ್ದು ಬುಧವಾರ, ನಕಲು ತೆಗೆದದ್ದು ಸೋಮವಾರ. ಸೋಮವಾರದ ಅನುಮತಿ ಅದರೊಳಗೆ ಹಾಗೇ ಕೂತಿತ್ತು.

ಒಂದು ಲ್ಯಾಬಿನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಯಾಕೆ? ಸಿಸ್ಟಮ್ ಡ್ರೈವ್ 128 ಜಿಬಿಗಿಂತ ದೊಡ್ಡದಿದ್ದರೆ, ಅಪ್‌ಡೇಟ್ ಹಾಕುವಾಗ ವಿಂಡೋಸ್ ತಾನಾಗಿಯೇ ಶ್ಯಾಡೋ ಕಾಪಿ ಮಾಡುತ್ತದೆ. ಒಂದನೇ ಲ್ಯಾಬಿನಲ್ಲಿ ಹಳೆಯ 120 ಜಿಬಿ ಎಸ್‌ಎಸ್‌ಡಿ, ಉಳಿದ ಎರಡರಲ್ಲಿ 256. ಭದ್ರವಾಗಲಿ ಎಂದು ನಾನೇ ಹಾಕಿದ ಅಪ್‌ಡೇಟ್‌ಗಳಿಂದಲೇ ಆ ನಕಲುಗಳು ಹುಟ್ಟಿದ್ದವು. ಇದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ವಿಎಸ್‌ಎಸ್ ಅಡ್ಮಿನ್ ಆಜ್ಞೆಯಿಂದ ನಕಲುಗಳನ್ನೆಲ್ಲ ಅಳಿಸಿದೆ. ಅಳಿಸಿದರೆ ಹಳೆಯ ರೀಸ್ಟೋರ್ ಪಾಯಿಂಟ್‌ಗಳೂ ಹೋಗುತ್ತವೆ. ಅದಕ್ಕೇ ಮೊದಲು ಮೇಡಂ ಒಬ್ಬರ ಪ್ರಾಜೆಕ್ಟ್ ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡೆ, ಕೊನೆಗೆ ಪ್ರತಿ ಕಂಪ್ಯೂಟರಿನಲ್ಲೂ ಹೊಸ ರೀಸ್ಟೋರ್ ಪಾಯಿಂಟ್ ಮಾಡಿದೆ. ಕ್ರಮ ತಪ್ಪಬಾರದು: ಮೊದಲು ಅನುಮತಿ, ಆಮೇಲೆ ಅಳಿಸುವುದು, ಕೊನೆಗೆ ಹೊಸ ನಕಲು.

ಇನ್ನೂ ದೊಡ್ಡ ಚಿಂತೆ ಬೇರೆಯೇ ಇತ್ತು. ಒಂದೇ ಇಮೇಜಿನಿಂದ (ಮೊದಲೇ ಸಿದ್ಧ ಮಾಡಿಟ್ಟ ವಿಂಡೋಸ್ ಪ್ರತಿಯಿಂದ) ಇನ್‌ಸ್ಟಾಲ್ ಮಾಡಿದ್ದರಿಂದ ಎಲ್ಲ ಕಂಪ್ಯೂಟರಿಗೂ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಒಂದೇ, ಹಾಗಾಗಿ ಹ್ಯಾಶೂ ಒಂದೇ. ಹ್ಯಾಶ್ ಸಿಕ್ಕರೆ ಪಾಸ್‌ವರ್ಡ್ ಗೊತ್ತಾಗಬೇಕಿಲ್ಲ, ಹ್ಯಾಶನ್ನೇ ಕೊಟ್ಟು ನೆಟ್‌ವರ್ಕಿನ ಬೇರೆ ಕಂಪ್ಯೂಟರಿಗೆ ನುಗ್ಗಬಹುದು. ಎಲ್ಲ ಕಂಪ್ಯೂಟರನ್ನೂ ಒಂದೇ ಕಡೆಯಿಂದ ನಿರ್ವಹಿಸುವ ಡೊಮೇನ್ ನಮ್ಮಲ್ಲಿ ಇರಲಿಲ್ಲ, ಹಾಗಾಗಿ ಪಾಸ್‌ವರ್ಡುಗಳನ್ನು ತಾನಾಗಿಯೇ ಬದಲಿಸುವ ಲ್ಯಾಪ್ಸ್ ಬಳಸುವಂತಿರಲಿಲ್ಲ. ಕೈಯಲ್ಲೇ ಮಾಡಿದೆ. ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡ್ ಹಾಕಿ ರಿಜಿಸ್ಟರಿನಲ್ಲಿ ಬರೆದು, ಅದನ್ನು ಎಚ್‌ಓಡಿ ಸರ್ ಬೀರುವಿನಲ್ಲಿ ಬೀಗ ಹಾಕಿಟ್ಟೆವು. ಅಡ್ಮಿನ್ ಅಕೌಂಟ್ ನೆಟ್‌ವರ್ಕಿನಿಂದ ಲಾಗಿನ್ ಆಗದಂತೆ ಪಾಲಿಸಿಯಲ್ಲೂ ತಡೆದೆ. ಈ ಕೆಲಸ ವರ್ಷಗಳ ಹಿಂದೆಯೇ ಆಗಬೇಕಿತ್ತು.

ಆಗಸ್ಟ್ 10ರಂದು ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಅದು ಅನುಮತಿಯನ್ನು ಸರಿಪಡಿಸುತ್ತದೆ, ಹಳೆಯ ನಕಲುಗಳನ್ನು ಮಾತ್ರ ನಾವೇ ಅಳಿಸಬೇಕು.

ಲಿನಕ್ಸ್ ಲ್ಯಾಬಿನಲ್ಲಿ ಈಗ ಫೈಲಿನ ಅನುಮತಿ ಬದಲಿಸುವ ಚ್‌ಮಾಡ್ ಆಜ್ಞೆಯ ಪಾಠದ ಜೊತೆ ಒಂದು ಅಭ್ಯಾಸ ಸೇರಿಸಿದ್ದೇನೆ. ರೂಟ್ (ಲಿನಕ್ಸ್‌ನ ಅಡ್ಮಿನ್) ಆಗಿ ಶ್ಯಾಡೋ ಫೈಲನ್ನು, ಒಳಗಿನದನ್ನು ತೋರಿಸುವ ಕ್ಯಾಟ್ ಆಜ್ಞೆಯಿಂದ ಟೆಂಪ್ ಫೋಲ್ಡರಿನ ಹೊಸ ಫೈಲಿಗೆ ತಿರುಗಿಸಿ, ಹೊಸದರ ಅನುಮತಿ ನೋಡಿ ಅನ್ನುತ್ತೇನೆ. ಮೂಲದ ಅನುಮತಿ 640, ಅಂದರೆ ಬೇರೆಯವರು ಓದಲಾಗದು. ಹೊಸ ಫೈಲುಗಳ ಅನುಮತಿ ನಿರ್ಧರಿಸುವ ಉಮಾಸ್ಕ್ 022 ಇದ್ದರೆ ಹೊಸದು 644. "ಸರ್, ಇದನ್ನ ಎಲ್ಲರೂ ಓದಬಹುದಲ್ಲ?" ಎಂದು ಯಾರಾದರೂ ಕೇಳುವವರೆಗೆ ನಾನು ಬಾಯಿ ಬಿಡುವುದಿಲ್ಲ.

ಸರ್ವೀಸಿಗೆ ಹೋಗಿದ್ದ ಕಂಪ್ಯೂಟರ್ ಸೆಪ್ಟೆಂಬರಿನಲ್ಲಿ ವಾಪಸ್ ಬಂತು. ನೆಟ್‌ವರ್ಕಿಗೆ ಸೇರಿಸಿದೆ, ಪ್ಯಾಚ್ ತಾನಾಗಿಯೇ ಇಳಿಯಿತು, ಸ್ಯಾಮ್ ಫೈಲಿನ ಅನುಮತಿ ಸರಿಯಾಗಿತ್ತು. ಆದರೂ ಅದೇ ಪುಟ್ಟ ಪ್ರೋಗ್ರಾಂ ಓಡಿಸಿದೆ. ಜೂನ್ ತಿಂಗಳ ನಕಲೊಂದು ತೆರೆದುಕೊಂಡಿತು. ಅಳಿಸಿ, ಹೊಸ ಪಾಸ್‌ವರ್ಡ್ ಹಾಕಿ, ಬೀರುವಿನಿಂದ ರಿಜಿಸ್ಟರ್ ತೆಗೆಸಿ 94ನೇ ಸಾಲು ಬರೆದೆ.