ನಲವತ್ತೊಂದು ರಿಪೋರ್ಟಿಗೆ ನಾಲ್ಕು ಪಾವತಿ

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯೋರು. ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲೇ ಕೂತು ಬಗ್ ಬೌಂಟಿ, ಅಂದರೆ ಕಂಪನಿಗಳ ಸಾಫ್ಟ್‌ವೇರಿನ ತೂತು ಹುಡುಕಿ ತಿಳಿಸಿ ಬಹುಮಾನ ಪಡೆಯೋ ಕೆಲಸ, ಮಾಡ್ತೀನಿ ಅಂದಾಗ ಅವರು ಬೈಯಲಿಲ್ಲ. ಕೆಂಪು ರಟ್ಟಿನ ಒಂದು ಲೆಕ್ಕದ ಪುಸ್ತಕ ತಂದು ಮುಂದಿಟ್ಟು, "ಎಷ್ಟು ಗಂಟೆ ಕೂತೆ, ಎಷ್ಟು ಬಂತು, ಎರಡೂ ಬರ್ಕೊ. ವರ್ಷ ಆದ್ಮೇಲೆ ಮಾತಾಡೋಣ" ಅಂದ್ರು.

ಅದು 2019. ಅರ್ಜೆಂಟೀನಾದ 19 ವರ್ಷದ ಸ್ಯಾಂಟಿಯಾಗೊ ಲೋಪೆಜ್, ಬೌಂಟಿ ಕಾರ್ಯಕ್ರಮಗಳನ್ನು ನಡೆಸುವ ತಾಣವಾದ ಹ್ಯಾಕರ್‌ವನ್‌ನಲ್ಲಿ 10 ಲಕ್ಷ ಡಾಲರ್ ದಾಟಿದ ಮೊದಲಿಗ ಅಂತ ಸುದ್ದಿಯಾಗಿದ್ದ ವರ್ಷ. ಅದಕ್ಕೂ ಮೊದಲು, 2016ರಲ್ಲಿ, ಬೆಂಗಳೂರಿನಲ್ಲಿದ್ದ ಆನಂದ್ ಪ್ರಕಾಶ್‌ಗೆ ಫೇಸ್‌ಬುಕ್ 15,000 ಡಾಲರ್ ಕೊಟ್ಟಿತ್ತು. ಪಾಸ್‌ವರ್ಡ್ ಮರೆತಾಗ ಬರುವ ಆರಂಕಿಯ ಕೋಡನ್ನು ಮುಖ್ಯ ಸೈಟಿನಲ್ಲಿ ಹತ್ತು-ಹನ್ನೆರಡು ಸಲ ತಪ್ಪಾಗಿ ಹಾಕಿದರೆ ತಡೆಯುತ್ತಿತ್ತು. ಪ್ರಯೋಗಕ್ಕೆ ಇಟ್ಟ ಬೀಟಾ ಸೈಟಿನಲ್ಲಿ ಆ ತಡೆ ಇರಲಿಲ್ಲ, ಕೋಡುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ ಬೇರೆಯವರ ಖಾತೆಗೆ ನುಗ್ಗಬಹುದಿತ್ತು, ಅಷ್ಟೆ. ಇಷ್ಟು ಸರಳವೇ ಅನ್ನಿಸಿ ನಾನೂ ಕಂಡಕಂಡ ಆ್ಯಪ್‌ಗಳ ಓಟಿಪಿ ಹಿಂದೆ ಬಿದ್ದೆ. ನನ್ನಂತೆ ಅಂದುಕೊಂಡವರು ಎಷ್ಟು ಜನ ಅನ್ನೋದು ಆಮೇಲೆ ಗೊತ್ತಾಯಿತು.

ವರ್ಷದ ಲೆಕ್ಕ: 41 ರಿಪೋರ್ಟು. 23ಕ್ಕೆ ಡೂಪ್ಲಿಕೇಟ್, ಅಂದರೆ ಬೇರೆ ಯಾರೋ ಮೊದಲೇ ಹೇಳಿಯಾಗಿತ್ತು. 14ಕ್ಕೆ ಇನ್ಫರ್ಮೇಟಿವ್, ಅಂದರೆ ವಿಷಯ ತಿಳೀತು, ದುಡ್ಡಿಲ್ಲ. ನಾಲ್ಕಕ್ಕೆ ಪಾವತಿ, ಒಟ್ಟು 1,000 ಡಾಲರ್, ಕೈಗೆ ಬಂದದ್ದು ಎಪ್ಪತ್ತು ಸಾವಿರದ ಹತ್ತಿರ. ಕೂತ ಗಂಟೆ 1,100. ಅಪ್ಪ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. "ಗಂಟೆಗೆ ಅರವತ್ನಾಲ್ಕು ರೂಪಾಯಿ. ನಮ್ಮಲ್ಲಿ ಕಾಯಿ ಸುಲಿಯೋರಿಗೂ ಇದಕ್ಕಿಂತ ಜಾಸ್ತಿ ಬೀಳುತ್ತೆ ಕಣೋ."

ಆ ಪುಸ್ತಕದಲ್ಲಿ ಬರೆಯದ ಇನ್ನೊಂದು ಖರ್ಚೂ ಇತ್ತು. ಬೌಂಟಿ ಕಾರ್ಯಕ್ರಮವೇ ಇಲ್ಲದ ಒಂದು ಕಂಪನಿಯ ಆ್ಯಪ್‌ನಲ್ಲಿ ನಾಲ್ಕಂಕಿಯ ಓಟಿಪಿ ಇತ್ತು. ಹೆಚ್ಚೆಂದರೆ 10,000 ಸಾಧ್ಯತೆ. ನನ್ನದೇ ಖಾತೆಯ ಮೇಲೆ ಪ್ರಯೋಗ ಮಾಡಿ, ಒಳಗೆ ಹೋಗಬಹುದು ಅಂತ ಇಮೇಲ್ ಬರೆದೆ. ಥ್ಯಾಂಕ್ಸ್ ಬರುತ್ತೆ ಅಂತ ಕಾದರೆ ವಕೀಲರ ನೋಟಿಸ್ ಬಂತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಸೆಕ್ಷನ್ 43: ಮಾಲೀಕರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಗೆ ಕೈಹಾಕಿದರೆ ಪರಿಹಾರ ಕಟ್ಟಬೇಕು. ಅದನ್ನೇ ಮೋಸದ ಉದ್ದೇಶದಿಂದ ಮಾಡಿದ್ದರೆ ಸೆಕ್ಷನ್ 66: ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನನ್ನದು ಮೋಸ ಅಲ್ಲ ಅಂತ ಹೇಳೋಕೂ ಒಬ್ಬ ವಕೀಲರು ಬೇಕಾದರು. ಕ್ಷಮಾಪಣೆ ಬರೆದುಕೊಟ್ಟ ಮೇಲೆ ಅಲ್ಲಿಗೆ ಮುಗೀತು. ವಕೀಲರ ಫೀಸನ್ನು ಅಮ್ಮ ಕೊಟ್ಟಳು, ಅಪ್ಪನಿಗೆ ಹೇಳಲಿಲ್ಲ.

2020ರ ಶುರುವಿನಲ್ಲಿ ಬೆಂಗಳೂರಿನ ಒಂದು ಸಣ್ಣ ಸೈಬರ್ ಭದ್ರತಾ ಆಡಿಟ್ ಕಂಪನಿಗೆ ಸೇರಿದೆ. ವರ್ಷಕ್ಕೆ 2.8 ಲಕ್ಷ, ಕೈಗೆ ತಿಂಗಳಿಗೆ 20 ಸಾವಿರದ ಆಸುಪಾಸು, ಬಿಟಿಎಂ ಲೇಔಟಿನ ಪಿಜಿಗೆ ಅದರಲ್ಲಿ 7,500. ಕಾರ್ಡಿನ ಮೇಲೆ ಸೆಕ್ಯುರಿಟಿ ಅನಲಿಸ್ಟ್ ಅಂತ ಹೆಸರು. ನೆಟ್‌ವರ್ಕ್ ತಡಕುವ ಎನ್‌ಮ್ಯಾಪ್ ಓಡಿಸು, ಸ್ಕ್ಯಾನರ್ ಕೊಟ್ಟ ಪಟ್ಟಿಯನ್ನು ವರ್ಡ್ ಫೈಲಿಗೆ ಅಂಟಿಸು, ಹಳೇ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿ ಮಾಡುವ ವ್ಯವಸ್ಥೆ) ಇದೆ ಅಂತ ಕೆಂಪು ಬಣ್ಣ ಹಚ್ಚು. ನಮ್ಮ ಗಿರಾಕಿಗಳು ಹೆಚ್ಚಾಗಿ ಪಟ್ಟಣ ಸಹಕಾರಿ ಬ್ಯಾಂಕುಗಳು. 2018ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅವುಗಳಿಗೂ ಸೈಬರ್ ಭದ್ರತೆಯ ಸುತ್ತೋಲೆ ಹೊರಡಿಸಿದ್ದರಿಂದ ನಮ್ಮಂಥವರಿಗೆ ಕೆಲಸ ಹುಟ್ಟಿತ್ತು. ಈ ಕಸುಬಿನಲ್ಲಿ ಅರ್ಧ ಅನ್ನ ಬರೋದು ಕಳ್ಳರಿಂದಲ್ಲ, ಸುತ್ತೋಲೆಗಳಿಂದ. ಇದನ್ನು ಯಾವ ಕೋರ್ಸಿನವರೂ ಹೇಳೋದಿಲ್ಲ.

ಅಂಥ ಒಂದು ಬ್ಯಾಂಕಿನ ಆ್ಯಪ್ ನನಗೆ ಪಾಠ ಕಲಿಸಿತು. ನನ್ನ ಟೆಸ್ಟ್ ಖಾತೆಯಿಂದ ಲಾಗಿನ್ ಆಗಿ, ಬರ್ಪ್ ಸೂಟ್ ಅನ್ನೋ ಸಾಧನದಲ್ಲಿ ಆ್ಯಪ್ ಸರ್ವರಿಗೆ ಕಳಿಸುವ ರಿಕ್ವೆಸ್ಟ್ ಹಿಡಿದು, ಖಾತೆ ಸಂಖ್ಯೆಯ ಕೊನೆಯ ಅಂಕಿ ಬದಲಾಯಿಸಿದೆ. ಬೇರೆಯವರ ವಹಿವಾಟೆಲ್ಲ ತೆರೆದುಕೊಂಡಿತು. ಈ ಜಾತಿಯ ತಪ್ಪಿಗೆ ಐಡಿಓಆರ್ ಅಂತಾರೆ. ಖುಷಿಯಲ್ಲಿ ಆ ನಾಲ್ಕಕ್ಷರವನ್ನೇ ತಲೆಬರಹ ಮಾಡಿ, ತೀವ್ರತೆ ತೋರಿಸುವ ಸಿವಿಎಸ್‌ಎಸ್ ಅಂಕ ಹಾಕಿ ಕಳಿಸಿದೆ. ಮೂರು ತಿಂಗಳಾದ ಮೇಲೆ ರೀಟೆಸ್ಟ್‌ಗೆ ಹೋದರೆ ತೂತು ಹಾಗೇ ಇತ್ತು. ಮ್ಯಾನೇಜರು ಅದನ್ನು ಓದಿಯೇ ಇರಲಿಲ್ಲ. ಓದಿದ್ದರೂ ಏನು ಅರ್ಥ ಆಗಬೇಕಿತ್ತು? ಈ ಸಲ ಹೀಗೆ ಬರೆದೆ: "ನಿಮ್ಮ ಯಾವುದೇ ಖಾತೆದಾರರು ಒಂದು ಅಂಕಿ ಬದಲಿಸಿ ಪಕ್ಕದ ಮನೆಯವರ ಪಾಸ್‌ಬುಕ್ ಓದಬಹುದು. ನಿಮ್ಮ ನಿರ್ದೇಶಕರ ಪಾಸ್‌ಬುಕ್ ಸಹ." ಎರಡನೇ ದಿನಕ್ಕೆ ಸರಿಯಾಯಿತು.

2021ರಲ್ಲಿ ಓಎಸ್‌ಸಿಪಿ ಅನ್ನೋ ಹ್ಯಾಕಿಂಗ್ ಸರ್ಟಿಫಿಕೇಟಿನ ಪರೀಕ್ಷೆಗೆ ಕಟ್ಟಿದೆ. 999 ಡಾಲರ್, ಅಂದರೆ ಸುಮಾರು ಎಪ್ಪತ್ತೈದು ಸಾವಿರ, ನನ್ನ ಮೂರೂವರೆ ತಿಂಗಳ ಸಂಬಳ. ಪರೀಕ್ಷೆ 23 ಗಂಟೆ 45 ನಿಮಿಷ, ಆಮೇಲೆ ರಿಪೋರ್ಟ್ ಬರೆಯೋಕೆ ಇನ್ನೊಂದು 24 ಗಂಟೆ. ಪಾಸಾಗೋಕೆ 70 ಬೇಕು, ಮೊದಲ ಸಲ 55ಕ್ಕೆ ನಿಂತೆ. ಎರಡನೇ ಸಲ ಪಾಸು. ಸಿಇಎಚ್ ಅನ್ನೋ ಇನ್ನೊಂದು ಸರ್ಟಿಫಿಕೇಟ್ ಮಾಡಿದ ಗೆಳೆಯರಿಗೆ ಎಚ್‌ಆರ್ ಫೋನ್ ಮಾಡ್ತಿದ್ದರು. ನನಗೆ ಸೀದಾ ಟೆಕ್ನಿಕಲ್ ಸುತ್ತಿಗೇ ಕರೆ ಬರತೊಡಗಿತು, ವ್ಯತ್ಯಾಸ ಅಷ್ಟೇ. ಸರ್ಟಿಫಿಕೇಟ್ ಬಾಗಿಲು ತೆಗೆಸುತ್ತೆ, ಒಳಗೆ ಕೂರಿಸೋದಿಲ್ಲ.

ಕೂರಿಸಿದ್ದು ಆ ಪಾಸ್‌ಬುಕ್ ವಾಕ್ಯ. ಸಂದರ್ಶನ ಮಾಡಿದ ಮೇಡಂ ಲ್ಯಾಪ್‌ಟಾಪ್ ಮುಚ್ಚಿಸಿ, ಒಂದು ಬಿಳಿ ಹಾಳೆ ಕೊಟ್ಟು, "ನೀವು ಹಿಡಿದ ಒಂದು ಬಗ್ ಅನ್ನು ಕಂಪ್ಯೂಟರ್ ಗೊತ್ತಿಲ್ಲದ ಡೈರೆಕ್ಟರಿಗೆ ತಿಳಿಯೋ ಹಾಗೆ ಬರೀರಿ" ಅಂದರು. ಬರೆದೆ. 9.5 ಲಕ್ಷಕ್ಕೆ ಆಫರ್ ಬಂತು. ಎಕ್ಸ್‌ಪ್ಲಾಯ್ಟ್, ಅಂದರೆ ತೂತಿನೊಳಗೆ ನುಗ್ಗೋ ಕೋಡ್, ಬರೆಯೋದರಲ್ಲಿ ನನಗಿಂತ ಎಷ್ಟೋ ಮುಂದಿದ್ದ ಗೆಳೆಯನೊಬ್ಬ ಆ ಹಾಳೆಯ ಮುಂದೆ ಕೂತು ಎದ್ದು ಬಂದಿದ್ದ.

ಈಗ 22 ಲಕ್ಷ, ರೆಡ್ ಟೀಮ್ ಕೆಲಸ, ಅಂದರೆ ಅನುಮತಿ ಪಡೆದು ಕಳ್ಳರ ಹಾಗೇ ಕಂಪನಿಯ ಮೇಲೆ ದಾಳಿ ಮಾಡಿ ನೋಡೋದು. ಕೇಳೋಕೆ ಚೆಂದ, ಆದರೆ ಒಳಗಿನ ಏಣಿ ಗಿಡ್ಡ. ಎಂಟು-ಹತ್ತು ವರ್ಷದ ಮೇಲೆ ಮ್ಯಾನೇಜರ್ ಆಗಬೇಕು, ಇಲ್ಲ ಕ್ಲೌಡ್ ಅಥವಾ ಕೋಡ್ ರಿವ್ಯೂ ಕಡೆ ಆಳಕ್ಕೆ ಇಳಿಯಬೇಕು. ನಾನು ಎರಡನೆಯದಕ್ಕೆ ತಯಾರಾಗ್ತಿದ್ದೀನಿ. ಸ್ಕ್ಯಾನರ್ ಓಡಿಸಿ ಅಂಟಿಸುವ ನನ್ನ ಮೊದಲ ಕೆಲಸವನ್ನು ಈಗ ಎಐ ಹತ್ತು ನಿಮಿಷದಲ್ಲಿ ಮಾಡುತ್ತೆ. ಹೊಸಬರಿಗೆ ಮೊದಲ ಮೆಟ್ಟಿಲೇ ಕುಸಿದಿದೆ ಅನ್ನೋ ಚಿಂತೆ ನನಗಿದೆ. ಬೌಂಟಿ ಭಾನುವಾರದ ಕೆಲಸವಾಗಿ ಉಳಿದಿದೆ. ಅದೂ ಆದಾಯವೇ, ಮುಂಗಡ ತೆರಿಗೆ ಕಟ್ಟಬೇಕು.

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಒಂದೂವರೆ ಲಕ್ಷದ ಕೋರ್ಸು, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ, "ಅಣ್ಣ, ಸೇರ್ಕೊಳ್ಲಾ?" ಅಂದ. ಬೇಡ ಅಂದೆ. ಪೋರ್ಟ್‌ಸ್ವಿಗ್ಗರ್‌ನವರ ವೆಬ್ ಸೆಕ್ಯುರಿಟಿ ಅಕಾಡೆಮಿ ಅನ್ನೋ ಆನ್‌ಲೈನ್ ಕೋರ್ಸು ಬಿಟ್ಟಿಯಾಗಿದೆ, ಮೊದಲು ಅದನ್ನು ಮುಗಿಸು ಅಂದು, ಒಂದು ಲೆಕ್ಕದ ಪುಸ್ತಕ ಕೊರಿಯರ್ ಮಾಡಿದೆ. ಮೊನ್ನೆ ಪುಟದ ಫೋಟೊ ಕಳಿಸಿದ್ದ. 31 ಗಂಟೆ, ಜಮಾ ಕಡೆ ಸೊನ್ನೆ. ಅಪ್ಪನಿಗೆ ತೋರಿಸಿದೆ. "ಅಕ್ಷರ ಪರವಾಗಿಲ್ಲ" ಅಂದ್ರು.