ಹಿಟಾಚಿ ಬಿಟ್ಟು ಜೆಸಿಬಿಯಲ್ಲೇ ಕಾಲುವೆ ಮುಗಿಸಿದ ಲೆಕ್ಕ

ಬಸವನ ಬಾಗೇವಾಡಿ ಆಚೆ, ಎರೆ ಹೊಲಗಳ ನಡುವೆ ಸಣ್ಣ ಕಾಲುವೆ ಕೆಲಸ. ಅಗೆತ, ಅದರ ಮೇಲೆ ಗರಸು ಅಂದರೆ ಗಟ್ಟಿ ಜಲ್ಲಿ ಮಣ್ಣು, ಅದರ ಮೇಲೆ ಮೂರು ಇಂಚಿನ ಕಾಂಕ್ರೀಟ್ ಲೈನಿಂಗ್. ಹಿಟಾಚಿ, ಅಂದರೆ ಚೈನಿನ ಮೇಲೆ ಓಡುವ ದೊಡ್ಡ ಅಗೆಯುವ ಮಷಿನ್ ಬೇಡ, ಒಂದು ಜೆಸಿಬಿ, ಎರಡೂವರೆ ಕ್ಯೂಬಿಕ್ ಮೀಟರಿನ ಒಂದು ಸೆಲ್ಫ್ ಲೋಡಿಂಗ್ ಮಿಕ್ಸರ್, ಮೂರ್ನಾಲ್ಕು ಟ್ರ್ಯಾಕ್ಟರ್ ಸಾಕು ಅಂದಾಗ ಯಾರೂ ನಂಬಲಿಲ್ಲ. "ಅಣ್ಣಾ, ಹಿಟಾಚಿ ಇಲ್ದ ಎರಿ ಹೊಲದಾಗ ಹೆಂಗ್ ಮುಗಸ್ತೀರಿ?" ಅಂತ ಜೆಸಿಬಿ ಮಾಲೀಕನೇ ಕೇಳಿದ. ಕೆಲಸ ಮುಗಿಯಿತು, ಬಿಲ್ ಆಯಿತು, ದುಡ್ಡೂ ಉಳಿಯಿತು. ಈಗ ಅವರೇ ಫೋನ್ ಮಾಡಿ ಲೆಕ್ಕ ಕೇಳುತ್ತಾರೆ.

ಎಲ್ಲರೂ ಮೊದಲು ಅಗೆಯುವ ಮಷಿನ್ ಮಾತಾಡಿಕೊಳ್ಳುತ್ತಾರೆ. ನಾನು ಗೌಂಡಿಗಳಿಂದ ಶುರು ಮಾಡಿದೆ. ನಮ್ಮ ಗ್ಯಾಂಗ್ ದಿನಕ್ಕೆ ಹೆಚ್ಚು ಕಡಿಮೆ 100 ಮೀಟರ್ ಲೈನಿಂಗ್ ಹಾಕುತ್ತದೆ. ತಳ, ಎರಡೂ ಇಳಿಜಾರು ಸೇರಿ ನಾಲ್ಕು ಮೀಟರ್ ಅಗಲ ಹಿಡಿಯಿರಿ, 30 ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಆಯಿತು. ಮಿಕ್ಸರ್ ಖಡಿ, ಉಸುಕು ತುಂಬಿಕೊಂಡು, ಕಲಸುತ್ತಾ ಹೋಗಿ, ಸುರಿದು ವಾಪಸ್ ಬರಲು ಅರ್ಧ ಗಂಟೆ. ಕಂಪನಿಯವರ ಕಾಗದದಲ್ಲಿ ಇದಕ್ಕಿಂತ ಜಾಸ್ತಿ ಬರೆದಿರುತ್ತದೆ, ಅದು ಯಾರ್ಡ್‌ನಲ್ಲಿ ನಿಂತು ಕಲಸಿದ ಲೆಕ್ಕ. ಹೊಲದ ದಾರಿಯಲ್ಲಿ ಗಂಟೆಗೆ ಎರಡು ಬ್ಯಾಚ್, ಅಂದರೆ ಐದು ಕ್ಯೂಬಿಕ್ ಮೀಟರ್. ಆರು ಗಂಟೆಯಲ್ಲಿ ದಿನದ ಕಾಂಕ್ರೀಟ್ ಮುಗಿಯುತ್ತದೆ. ನಾಲ್ಕು ಕ್ಯೂಬಿಕ್ ಮೀಟರಿನ ಮಿಕ್ಸರ್ ತಂದರೆ ಅರ್ಧ ದಿನ ಸುಮ್ನೆ ನಿಲ್ಲುತ್ತದೆ, ಬಾಡಿಗೆ ಮಾತ್ರ ಓಡುತ್ತದೆ.

ಈಗ ಅಗೆತಕ್ಕೆ ಬನ್ನಿ. 100 ಮೀಟರಿಗೆ, ಗರಸಿನ ಜಾಗವೂ ಸೇರಿ, ಸುಮಾರು 250 ಕ್ಯೂಬಿಕ್ ಮೀಟರ್ ಮಣ್ಣು. 20 ಟನ್ ಹಿಟಾಚಿ ಗಂಟೆಗೆ 90ರ ಹತ್ತಿರ ತೆಗೆಯುತ್ತದೆ, ಆಗ ಗಂಟೆಯ ಬಾಡಿಗೆ 1,900 ರೂಪಾಯಿ ಇತ್ತು. ಜೆಸಿಬಿ 25 ತೆಗೆಯುತ್ತದೆ, ಬಾಡಿಗೆ 1,100. ಕ್ಯೂಬಿಕ್ ಮೀಟರಿಗೆ ಹಿಟಾಚಿ 21 ರೂಪಾಯಿ, ಜೆಸಿಬಿ 44. ನನ್ನ ಮೇಲೆ ಅನುಮಾನ ಬಂದಿದ್ದೇ ಇಲ್ಲಿ. ಆದರೆ ತಿಂಗಳ ಬಾಡಿಗೆಗೆ ಹಿಟಾಚಿ ಮಾಲೀಕ 200 ಗಂಟೆ ಗ್ಯಾರಂಟಿ ಕೇಳುತ್ತಾನೆ ಅಲ್ವಾ? ನನಗೆ ಬೇಕಾಗಿದ್ದು ದಿನಕ್ಕೆ ಮೂರು ಗಂಟೆಯಷ್ಟೇ, 25 ದಿನಕ್ಕೆ 75 ಗಂಟೆ. ಓಡಲಿ ಬಿಡಲಿ 3.8 ಲಕ್ಷ ಕೊಡಬೇಕು. ಜೆಸಿಬಿ ದಿನಕ್ಕೆ ಹತ್ತು ಗಂಟೆ ಓಡಿದರೂ 2.75 ಲಕ್ಷ.

"ಉಳಿದ ಗಂಟೆಯಲ್ಲಿ ಮುಂದೆ ಅಗೆದುಕೊಂಡು ಹೋಗಲಿ" ಅನ್ನುವವರಿದ್ದಾರೆ. ಹಿಂದಿನ ಒಂದು ಕೆಲಸದಲ್ಲಿ ನನ್ನ ಪಾಲುದಾರ ಹಾಗೇ ಮಾಡಿಸಿದ್ದ. ಅಗೆತ ಲೈನಿಂಗ್‌ಗಿಂತ ಕಿಲೋಮೀಟರ್ ಮುಂದೆ ಹೋಯಿತು. ಬಿಸಿಲಿಗೆ ಎರೆ ಬಿರುಕು ಬಿಟ್ಟಿತು, ಆಮೇಲೆ ಅಡ್ಡಮಳೆ ಬಂದು ಇಳಿಜಾರೆಲ್ಲ ಕುಸಿದು ತಳದಲ್ಲಿ ರಾಡಿಯಾಗಿ ಕೂತಿತು. ಅದನ್ನು ಮತ್ತೆ ತೆಗೆಸಿ, ಹೆಚ್ಚು ಅಗೆದ ಜಾಗಕ್ಕೆ ಮತ್ತೆ ಗರಸು ತುಂಬಿಸಿ ದಮ್ಮಾಸು ಮಾಡಿಸಿದ್ದಕ್ಕೆ ಎರಡು ಲಕ್ಷದ ಮೇಲೆ ಹೋಯಿತು. ಬಿಲ್ ಆಗುವ ಅಳತೆ ಪುಸ್ತಕದಲ್ಲಿ ಅದಕ್ಕೆ ಒಂದು ಪೈಸೆಯೂ ಹತ್ತಲಿಲ್ಲ. ಎರೆಯಲ್ಲಿ ಇವತ್ತು ಅಗೆದಿದ್ದಕ್ಕೆ ನಾಳೆ ಗರಸು, ನಾಡಿದ್ದು ಕಾಂಕ್ರೀಟ್ ಬೀಳಬೇಕು. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಆರ್‌ಎಂಸಿ, ಅಂದರೆ ಪ್ಲಾಂಟಿನಲ್ಲಿ ಕಲಸಿ ಗಾಡಿಯಲ್ಲಿ ತರುವ ರೆಡಿಮಿಕ್ಸ್ ಕಾಂಕ್ರೀಟನ್ನೂ ಆ ಹಿಂದಿನ ಕೆಲಸದಲ್ಲೇ ನೋಡಿ ಆಗಿತ್ತು. ವಿಜಯಪುರದಿಂದ 45 ಕಿಲೋಮೀಟರ್ ಮೀರುತ್ತಿತ್ತು, ಏಪ್ರಿಲ್ ಬಿಸಿಲು ಬೇರೆ. ಲೋಡ್ ಆದ ಎರಡು ಗಂಟೆಯೊಳಗೆ ಖಾಲಿ ಮಾಡಬೇಕು. ರಸ್ತೆ ಮೇಲೆ ಆರಾಮಾಗಿ ಬರುವ ಗಾಡಿ ಹೊಲದ ದಾರಿಯಲ್ಲಿ ಹೂತು ನಿಂತರೆ ಮುಗಿಯಿತು. ಆರು ಕ್ಯೂಬಿಕ್ ಮೀಟರಿನ ಒಂದು ಪೂರ್ತಿ ಲೋಡನ್ನು ಇಂಜಿನಿಯರ್ ಬೇಡ ಅಂದುಬಿಟ್ಟರು. 27,000ದ ಹತ್ತಿರ ಮಣ್ಣುಪಾಲು. ಸೆಲ್ಫ್ ಲೋಡರ್ ನಾಲ್ಕೂ ಗಾಲಿ ಎಳೆಯುತ್ತದೆ, ಹಸಿ ದಾರಿಯಲ್ಲೂ ಹೇಗೋ ದಾಟುತ್ತದೆ. ಮಧ್ಯಾಹ್ನದ ಬ್ಯಾಚ್ ಬಿಗಿಯಾಗದಂತೆ ನಾನು ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನೀರು ಜಾಸ್ತಿ ಹಾಕುವುದಿಲ್ಲ, ಅಷ್ಟು ಹೇಳಬಲ್ಲೆ.

ನಡುವೆ ಒಂದು ಪ್ರಯೋಗವೂ ಆಯಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಜೆಸಿಬಿಗೆ ಕಾಲುವೆ ಆಕಾರದ ಬಕೆಟ್ ಮಾಡಿಸಿದೆ, 60 ಸಾವಿರ ಚಿಲ್ಲರೆ. ಒಂದೇ ಎಳೆತಕ್ಕೆ ತಳ, ಇಳಿಜಾರು ಎರಡೂ ಸಿಗಲಿ ಅಂತ. ಒಣ ಮಣ್ಣಿನಲ್ಲಿ ಬಹಳ ಚೆಂದ ಬಂತು, ಕೈಯಿಂದ ಕೆತ್ತುವ ಆಳು ಅರ್ಧಕ್ಕೆ ಇಳಿದರು. ಹಸಿ ಎರೆ ಮಾತ್ರ ಬಕೆಟ್ಟಿಗೆ ಅಂಟಿಕೊಂಡು ಬೀಳಲೇ ಇಲ್ಲ, ಪ್ರತಿ ಸಲ ಆಳು ಸಲಿಕೆ ಹಿಡಿದು ಕೆರೆಯಬೇಕು. ಹಿಂದಿನ ತಗಡಿಗೆ ತೂತು ಹೊಡೆಸಿದ ಮೇಲೆ ಸುಧಾರಿಸಿತು. ತೂತು ಎಲ್ಲಿ, ಎಷ್ಟು ದಪ್ಪ ಅನ್ನುವುದು ನನ್ನ ವೆಲ್ಡರ್‌ಗೆ ಮತ್ತು ನನಗೆ ಮಾತ್ರ ಗೊತ್ತು.

ಈ ಲೆಕ್ಕ ಎರೆ ಮಣ್ಣಿನ ಸಣ್ಣ ಕಾಲುವೆಗೆ ಮಾತ್ರ. ಮೂರು ಅಡಿಗೇ ಕರಿ ಬಂಡೆ ಸಿಕ್ಕರೆ ಜೆಸಿಬಿಯನ್ನು ಹಿಂಸೆ ಮಾಡಬೇಡಿ. ಬ್ರೇಕರ್ ಹಾಕಿದ ಹಿಟಾಚಿಯನ್ನು ಗಂಟೆ ಲೆಕ್ಕದಲ್ಲಿ ಕರೆಸಿ, ಒಡೆಸಿ, ಅವತ್ತೇ ಕಳಿಸಿಬಿಡಿ. ನಾನು ಅದಕ್ಕೆ ಒಬ್ಬ ಮಾಲೀಕನ ಹತ್ತಿರ ಮೊದಲೇ ಮಾತಾಡಿಟ್ಟಿದ್ದೆ. ಟ್ರೇಲರ್ ಬಾಡಿಗೆ ನನ್ನದು, ಗ್ಯಾರಂಟಿ ಗಂಟೆ ಇಲ್ಲ.