ಸೀಟಿನ ಹಿಂದಿನ ಬೆಲ್ಟ್ ಗೋಜಲು ಬಿಡಿಸಿದ್ದು

ಹಾಸನದಲ್ಲಿ ನನ್ನದೊಂದು ಟಾಟಾ ಏಸ್ ಇದೆ. ಮನೆ ಸಾಮಾನು, ಕೆಟ್ಟು ನಿಂತ ಬೈಕು, ತೋಟದ ಗೊಬ್ಬರ, ಯಾರು ಏನು ಸಾಗಿಸಬೇಕು ಅಂದರೂ ಹೋಗುತ್ತೇನೆ. ಮೊದಲೆಲ್ಲ ಬರೀ ಹಗ್ಗದಲ್ಲೇ ಕಟ್ಟುತ್ತಿದ್ದೆ. ಒಂದು ಮಳೆಗಾಲ ಶಿರಾಡಿ ಘಾಟಿಯ ತಿರುವಿನಲ್ಲಿ ನೆನೆದ ಹಗ್ಗ ಸಡಿಲವಾಗಿ, ಕಬ್ಬಿಣದ ಬೀರು ಒಂದು ಗೇಣು ಜರುಗಿತು. ಬೀಳಲಿಲ್ಲ. ಆದರೆ ಆ ಸದ್ದಿಗೆ ಎದೆ ಧಸಕ್ ಅಂತು. ಮಂಗಳೂರಿನಲ್ಲಿ ಸಾಮಾನು ಇಳಿಸಿದ ಮೇಲೆ ಊಟಕ್ಕೂ ಮೊದಲು ಹೋಗಿ ನಾಲ್ಕು ರ‍್ಯಾಚೆಟ್ ಬೆಲ್ಟ್ ತಂದೆ. ಒಂದು ತುದಿಗೆ ಕೊಕ್ಕೆ ಇರುವ ಪಟ್ಟಿ, ಅದನ್ನು ಸುತ್ತಿ ಬಿಗಿ ಮಾಡೋಕೆ ಹಿಡಿ ಇರುವ ಹಲ್ಲುಚಕ್ರ (ಅದೇ ರ‍್ಯಾಚೆಟ್), ಎರಡೂ ಸೇರಿ ಒಂದು ಬೆಲ್ಟ್. ಪಟ್ಟಿ 50 ಮಿ.ಮೀ. ಅಗಲ, 8 ಮೀಟರ್ ಉದ್ದ.

ತಂದು ಆರು ತಿಂಗಳಲ್ಲಿ ಅವನ್ನು ಬಳಸಿದ್ದು ನಾಲ್ಕೇ ಸಲ! ಸೀಟಿನ ಹಿಂದೆ ಒಂದು ಗೋಣಿಚೀಲದಲ್ಲಿ ತುರುಕಿದ್ದೆ. ತೆಗೆಯಲು ಹೋದರೆ ಒಂದರ ಕೊಕ್ಕೆ ಇನ್ನೊಂದರ ಪಟ್ಟಿಗೆ, ಅದರ ಹಿಡಿ ಜಾಕಿಗೆ, ಎಲ್ಲ ಸೇರಿ ಒಂದೇ ಗೋಜಲು. ನನ್ನ ಜೊತೆ ಬರುವ ಬಾಮೈದ ನಕ್ಕುಬಿಡುತ್ತಿದ್ದ. "ಭಾವ, ನೀವು ನಿಧಾನಕ್ಕೆ ಬಿಡಿಸ್ತಾ ಇರಿ, ಅಷ್ಟ್ರಲ್ಲಿ ನಾನು ಹಗ್ಗ ಹಾಕ್ಬಿಡ್ತೀನಿ." ಹಾಕಿಯೂ ಬಿಡುತ್ತಿದ್ದ. ಎಷ್ಟು ಗಟ್ಟಿ ಬೆಲ್ಟ್ ಇದ್ದರೇನು, ಕೈಗೆ ಸಿಗದಿದ್ದರೆ ಅದು ಇಲ್ಲದ ಹಾಗೇ ಅಲ್ವಾ? ಹಾಗಾಗಿ ಒಂದು ಭಾನುವಾರ ನಾಲ್ಕನ್ನೂ ಅಂಗಳದಲ್ಲಿ ಹರಡಿಕೊಂಡು ಕೂತೆ.

ಮೊದಲು ಕಣ್ಣಿಗೆ ಬಿದ್ದದ್ದು ಉದ್ದ. ನನ್ನ ಗಾಡಿಯ ಅಗಲ 5 ಅಡಿಗೆ ಚೂರು ಕಡಿಮೆ. ಎರಡೂ ಬದಿ ನಾಲ್ಕು ಅಡಿ ಎತ್ತರದ ಸಾಮಾನಿದ್ದರೂ ಈ ಕಡೆಯಿಂದ ಆ ಕಡೆಗೆ 4 ಮೀಟರ್ ಪಟ್ಟಿ ಸಾಕು. ಉಳಿದ 4 ಮೀಟರ್ ಬಾಲ. ಆ ಬಾಲವನ್ನು ಎಲ್ಲಿ ಸಿಕ್ಕಿಸಿದರೂ ಗಾಳಿಗೆ ಬಿಚ್ಚಿಕೊಂಡು ಪಟಪಟ ಹೊಡೆಯುತ್ತೆ. ಒಂದು ಸಲ ಚನ್ನರಾಯಪಟ್ಟಣ ತಲುಪುವಷ್ಟರಲ್ಲಿ ತುದಿ ರಸ್ತೆಗೆ ಉಜ್ಜಿ ಪೊರಕೆ ಥರ ಆಗಿತ್ತು. ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿದ್ದರೆ ಏನು ಗತಿ?

ಎರಡು ಬೆಲ್ಟನ್ನು 5 ಮೀಟರಿಗೆ ಕತ್ತರಿಸಿದೆ. ಉಳಿದೆರಡನ್ನು ಎತ್ತರದ ಲೋಡಿಗೆ ಅಂತ ಹಾಗೇ ಬಿಟ್ಟೆ. ಕತ್ತರಿಸಿದ್ದು ಕೊಕ್ಕೆ ಇಲ್ಲದ ತುದಿಯಲ್ಲಿ. ಕತ್ತರಿ ಹಾಕಿ ಹಾಗೇ ಬಿಟ್ಟರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತೆ. ಈ ಪಟ್ಟಿ ಪಾಲಿಯೆಸ್ಟರ್, ಬಿಸಿಗೆ ಕರಗುತ್ತೆ. ಹಳೇ ಚಾಕುವನ್ನು ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ಅದರಲ್ಲೇ ಕೊಯ್ದೆ. ಕೊಯ್ಯುವಾಗಲೇ ಅಂಚು ಕರಗಿ ಮುಚ್ಚಿಕೊಂಡಿತು. ಇದನ್ನು ಅಡುಗೆಮನೆಯಲ್ಲಿ ಮಾಡಬೇಡಿ, ಹೊಗೆ ಕೆಟ್ಟದ್ದು, ಮನೆಯವಳ ಬೈಗುಳ ಅದಕ್ಕಿಂತ ಕೆಟ್ಟದ್ದು. ನೇರವಾಗಿ ಕೊಯ್ಯದೆ ಓರೆಯಾಗಿ ಕೊಯ್ದೆ. ಚೂಪು ತುದಿ ಇದ್ದರೆ ರ‍್ಯಾಚೆಟ್‌ನ ಸುರುಳಿಯ ಸಂದಿಗೆ ಕತ್ತಲಲ್ಲೂ ಸಲೀಸಾಗಿ ಹೋಗುತ್ತೆ. ಕರಗಿದ ಜಾಗ ಗಂಟು ಗಂಟಾಗಿದ್ದರೆ ಸಂದಿನಲ್ಲಿ ಸಿಕ್ಕಿಕೊಳ್ಳುತ್ತೆ, ಅದಕ್ಕೆ ಬಿಸಿ ಇರುವಾಗಲೇ ಚಮಚದ ಹಿಂಭಾಗದಿಂದ ಒತ್ತಿ ಚಪ್ಪಟೆ ಮಾಡಿದೆ.

ಒಂದು ಮಾತು. ಭಾರ ಹೊರುವ ಭಾಗಕ್ಕೆ ನಾನು ಕೈ ಹಾಕಲಿಲ್ಲ. ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೋಗಿ, ಬಾಲ ಸುತ್ತಿಡೋಕೆ ಪಟ್ಟಿಯ ನಡುವೆ ಒಂದು ವೆಲ್ಕ್ರೋ ಹೊಲಿದುಕೊಡಿ ಅಂದೆ. ಅವರು ಬೆಲ್ಟ್ ತಿರುಗಿಸಿ ನೋಡಿ, "ತೂತು ಮಾಡಿದ್ರೆ ಅಲ್ಲೇ ಹರಿಯುತ್ತೆ ಕಣಪ್ಪ, ಸುಮ್ನೆ ಯಾಕೆ?" ಅಂದರು. ಸರಿಯಾದ ಮಾತು. ಪಟ್ಟಿಗೆ ಗಂಟು ಹಾಕುವುದೂ ಹಾಗೇ. ಗಂಟು ಹಾಕಿದ ಕಡೆ ಬಲ ಎಷ್ಟೋ ಪಾಲು ಇಳಿದುಹೋಗುತ್ತೆ.

ವೆಲ್ಕ್ರೋ ಬದಲು ಪಂಕ್ಚರ್ ಅಂಗಡಿಗೆ ಹೋದೆ. ಬೈಕಿನ ಹಳೇ ಟ್ಯೂಬ್ ಪುಕ್ಕಟೆ ಸಿಕ್ಕಿತು. ಬಳೆ ಬಳೆಯಾಗಿ ಕತ್ತರಿಸಿದರೆ ಅದಕ್ಕಿಂತ ಒಳ್ಳೆ ರಬ್ಬರ್ ಬ್ಯಾಂಡ್ ದುಡ್ಡು ಕೊಟ್ಟರೂ ಸಿಗಲ್ಲ. ಪ್ರತಿ ಬೆಲ್ಟಿಗೆ ಎರಡು ಬಳೆ. ಒಂದು ಸುರುಳಿ ಹಿಡಿಯೋಕೆ, ಇನ್ನೊಂದು ಬಾಲ ಮಡಚಿ ಸಿಕ್ಕಿಸೋಕೆ. ಕೊಕ್ಕೆ ಕಳಚಿ ಬೀಳುವ ತಲೆನೋವಿಗೂ ಇದೇ ಮದ್ದು. ಆ ಬದಿ ಹೋಗಿ ಬಿಗಿ ಮಾಡುವ ಮೊದಲೇ ಈ ಬದಿಯ ಕೊಕ್ಕೆ ಬಿದ್ದಿರುತ್ತಿತ್ತು, ದಿನಕ್ಕೆ ಹತ್ತು ಸಲ ಗಾಡಿ ಸುತ್ತಬೇಕಿತ್ತು. ಈಗ ಕೊಕ್ಕೆಯ ಬಾಯಿಗೆ ಒಂದು ಬಳೆ ಏರಿಸಿದರೆ ಬಿಗಿಯಾಗುವವರೆಗೆ ಅಲ್ಲೇ ಇರುತ್ತೆ. ಸ್ಕೂಟರ್ ಟ್ಯೂಬಿನ ಒಂದೊಂದು ಅಡಿ ತುಂಡನ್ನು ಪಟ್ಟಿಗೇ ತೋಳಿನ ಹಾಗೆ ತೊಡಿಸಿದ್ದೇನೆ. ಬೀರಿನ ಅಂಚು ಬರುವ ಕಡೆ ಅದನ್ನು ಜರುಗಿಸಿಕೊಂಡರೆ ಪಟ್ಟಿಯೂ ಕೊಯ್ಯಲ್ಲ, ಫ್ರಿಜ್ಜಿನ ಬಣ್ಣವೂ ಕೆರೆಯಲ್ಲ.

ಇನ್ನು ಸುತ್ತುವುದು. ಇದನ್ನು ಕಲಿಯೋಕೆ ನನಗೆ ಜಾಸ್ತಿ ದಿನ ಹಿಡಿಯಿತು. ಮೊದಲು ಕೊಕ್ಕೆಯಿಂದ ಶುರು ಮಾಡಿ ಸುತ್ತುತ್ತಿದ್ದೆ. ನೋಡೋಕೆ ಚೆಂದ, ಆದರೆ ಕಟ್ಟುವಾಗ ಮೊದಲು ಬೇಕಾಗುವುದೇ ಕೊಕ್ಕೆ. ಅದು ಸುರುಳಿಯ ಹೊಟ್ಟೆಯೊಳಗೆ ಕೂತಿದ್ದರೆ ಪೂರ್ತಿ ಬಿಚ್ಚಲೇಬೇಕು. ಈಗ ಓರೆ ತುದಿಯಿಂದ ಸುತ್ತುತ್ತೇನೆ, ಕೊಕ್ಕೆ ಕೊನೆಗೆ ಹೊರಗೆ ಬರುತ್ತೆ. ಕಟ್ಟುವಾಗ ಕೊಕ್ಕೆಯನ್ನು ಈ ಬದಿ ಹಾಕಿ, ಸುರುಳಿಯನ್ನು ಲೋಡಿನ ಮೇಲಿಂದ ಆ ಬದಿಗೆ ಎಸೆದರೆ ಮದುವೆಮನೆ ಚಾಪೆ ಬಿಚ್ಚಿದ ಹಾಗೆ ತಾನೇ ಬಿಚ್ಚಿಕೊಂಡು ಹೋಗುತ್ತೆ. ಎಸೆಯುವುದು ಬರೀ ಪಟ್ಟಿ, ನೆನಪಿರಲಿ. ಒಂದು ಸಲ ಅವಸರಕ್ಕೆ ರ‍್ಯಾಚೆಟ್ ಸಮೇತ ಎಸೆದು, ಆ ಕಡೆ ನಿಲ್ಲಿಸಿದ್ದ ಗಿರಾಕಿಯ ಸ್ಕೂಟರಿನ ಕನ್ನಡಿಗೆ ದಂಡ ಕಟ್ಟಿದ್ದೇನೆ. ರ‍್ಯಾಚೆಟ್ ಭಾಗವನ್ನು ಅವತ್ತಿನಿಂದ ಬೇರೆಯೇ ಇಡುತ್ತೇನೆ.

ಕೈಯಲ್ಲಿ ಸುತ್ತಿದರೆ ನಡುವಿನಿಂದ ಜಾರಿ ಸುರುಳಿ ಗೋಪುರವಾಗುತ್ತೆ. ವೆಲ್ಡಿಂಗ್ ಅಂಗಡಿಯಲ್ಲಿ 8 ಮಿ.ಮೀ. ಕಂಬಿಯನ್ನು ಎರಡು ಹಲ್ಲಿನ ಫೋರ್ಕ್ ಥರ ಬಗ್ಗಿಸಿ, ಬಾವಿ ರಾಟೆಗೆ ಇರುವಂಥ ಹಿಡಿ ಮಾಡಿಸಿದೆ. ಗಾಡಿಯ ಪಕ್ಕದ ತೂತಿನಲ್ಲಿ ಸಿಕ್ಕಿಸಿ, ಹಲ್ಲುಗಳ ನಡುವೆ ಪಟ್ಟಿಯ ತುದಿ ಇಟ್ಟು ತಿರುಗಿಸಿದರೆ ಸಾಕು, ನಿಮಿಷದಲ್ಲಿ ಒಂದು ಬೆಲ್ಟ್ ಇಡ್ಲಿಯಷ್ಟು ಅಚ್ಚುಕಟ್ಟು. ಎಡಗೈಯಲ್ಲಿ ಬಟ್ಟೆ ಹಿಡಿದು ಪಟ್ಟಿಯನ್ನು ಅದರೊಳಗೆ ಹಾಯಿಸುತ್ತೇನೆ. ಮಣ್ಣು ಒರೆಸಿದ ಹಾಗೂ ಆಯಿತು, ಎಲ್ಲಾದರೂ ಕೊಯ್ದಿದ್ದರೆ ಬೆರಳಿಗೆ ತಗಲುತ್ತೆ.

ಗೋಣಿಚೀಲಕ್ಕೆ ಬದಲಾಗಿ 20 ಲೀಟರಿನ ಪೇಂಟ್ ಬಕೆಟ್. ತಳಕ್ಕೆ ಏಳೆಂಟು ತೂತು ಹೊಡೆದಿದ್ದೇನೆ, ಒದ್ದೆ ಬೆಲ್ಟಿನ ನೀರು ಇಳಿದುಹೋಗಲಿ ಅಂತ. ಸುರುಳಿಗಳು ಕೆಳಗೆ, ರ‍್ಯಾಚೆಟ್‌ಗಳು ಬಕೆಟಿನ ಅಂಚಿಗೆ ನೇತಾಡುತ್ತವೆ. ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ, ಕೆಂಪು 5 ಮೀಟರಿನದು, ಹಳದಿ 8 ಮೀಟರಿನದು. ಪಟ್ಟಿಗೂ ಕೊಕ್ಕೆಯ ಬುಡದಲ್ಲಿ ಅದೇ ಬಣ್ಣ. ಮಳೆಗಾಲದಲ್ಲಿ ಸಂಜೆ ಮನೆಗೆ ಬಂದಮೇಲೆ ಸುರುಳಿ ಬಿಚ್ಚಿ ಜಗಲಿಯ ನೆರಳಿನಲ್ಲಿ ಒಣಹಾಕಲೇಬೇಕು. ಬಿಸಿಲು ತಿಂಗಳುಗಟ್ಟಲೆ ಬಿದ್ದರೆ ಪಾಲಿಯೆಸ್ಟರ್ ಸೊರಗುತ್ತೆ. ರ‍್ಯಾಚೆಟ್‌ಗೆ ಗ್ರೀಸ್ ಹಚ್ಚಿ ನೋಡಿದೆ, ಧೂಳೆಲ್ಲ ಅಂಟಿ ಮರಳುಕಾಗದ ಆಯಿತು. ಈಗ ಹೊಲಿಗೆ ಯಂತ್ರದ ಎಣ್ಣೆ, ಹಲ್ಲಿನ ಚಕ್ರದ ಎರಡೂ ಬದಿ ಒಂದೊಂದು ಹನಿ, ಅಷ್ಟೇ.

ಮಳೆಗಾಲ ಶುರುವಾದರೆ ಅಡಿಕೆ ತೋಟದವರು ಬೋರ್ಡೋ (ಸುಣ್ಣ, ಮೈಲುತುತ್ತ ಬೆರೆಸಿದ ಔಷಧಿ) ಹೊಡೆಯೋಕೆ ಸುಣ್ಣ ತರಿಸುತ್ತಾರೆ. ಸಿಮೆಂಟಂತೂ ವರ್ಷವಿಡೀ ಇದ್ದದ್ದೇ. ಪಾಲಿಯೆಸ್ಟರಿಗೆ ಸುಣ್ಣ, ಸಿಮೆಂಟಿನಂಥ ಕ್ಷಾರ ಆಗಲ್ಲ, ಅದೂ ಒದ್ದೆಯಾಗಿದ್ದರೆ. ಆ ಲೋಡು ಇಳಿಸಿದ ದಿನವೇ ಬರೀ ನೀರಿನಲ್ಲಿ ತೊಳೆಯುತ್ತೇನೆ, ಸೋಪು ಹಾಕಲ್ಲ.

ಬೆಲ್ಟಿನ ಚೀಟಿಯನ್ನು ಬಹಳ ಜನ ಕಿತ್ತು ಬಿಸಾಡುತ್ತಾರೆ, ಬಿಸಾಡಬೇಡಿ. ದಪ್ಪಕ್ಷರದ 5000 ಕೆ.ಜಿ. ನೋಡಿ ನಾನೂ ಮೋಸ ಹೋಗಿದ್ದೆ. ಅದು ಪಟ್ಟಿ ಹರಿಯುವ ಲೆಕ್ಕ. ಅದೇ ಚೀಟಿಯಲ್ಲಿ ಎಸ್‌ಟಿಎಫ್ ಅಂತ ಸಣ್ಣದಾಗಿ ಇನ್ನೊಂದು ಸಂಖ್ಯೆ ಇರುತ್ತೆ. ಸುಮಾರು 50 ಕೆ.ಜಿ. ಬಲದಲ್ಲಿ ಹಿಡಿ ಎಳೆದರೆ ಪಟ್ಟಿಯಲ್ಲಿ ಎಷ್ಟು ಬಿಗಿ ಉಳಿಯುತ್ತೆ ಅನ್ನೋದು ಅದು. ನನ್ನದರಲ್ಲಿ 300 ಚಿಲ್ಲರೆ. ಲೋಡಿನ ಮೇಲಿಂದ ಹಾಯಿಸಿ ಕಟ್ಟಿದಾಗ ಬೆಲ್ಟ್ ಮಾಡುವ ಕೆಲಸ ಕೆಳಕ್ಕೆ ಒತ್ತುವುದು ಮಾತ್ರ, ಜರುಗದಂತೆ ಹಿಡಿಯುವುದು ಅಡಿಯ ಘರ್ಷಣೆ. ಇದು ಗೊತ್ತಾದ ಮೇಲೆ ಬೀರಿನ ಕೆಳಗೆ ರಬ್ಬರ್ ಮ್ಯಾಟ್ ಹಾಕೋಕೆ ಶುರು ಮಾಡಿದೆ. ಒಂದು ಬೆಲ್ಟ್ ಸಾಕೆನ್ನುವ ಕಡೆ ಎರಡು.

ಬಿಗಿ ಮಾಡುವಾಗ ಮೊದಲು ಕೈಯಲ್ಲೇ ಪೂರ್ತಿ ಎಳೆದು ಸಡಿಲು ತೆಗೆಯಬೇಕು. ಸಡಿಲನ್ನೆಲ್ಲ ಹಿಡಿಯಿಂದಲೇ ಸುತ್ತಿದರೆ ಸುರುಳಿ ದಪ್ಪವಾಗಿ ಸಿಕ್ಕಿಬೀಳುತ್ತೆ. ಒಂದೂವರೆ ಸುತ್ತಿಗಿಂತ ಕಡಿಮೆ ಆದರೂ ಜಾರುತ್ತೆ, ಮೂರು ದಾಟಿದರೆ ಬಿಚ್ಚುವಾಗ ಸುತ್ತಿಗೆ ಬೇಕಾಗುತ್ತೆ. ಹೊರಟು 20 ಕಿ.ಮೀ. ಆದಮೇಲೆ ಒಂದು ಟೀ ಕುಡಿಯೋ ನೆಪದಲ್ಲಿ ನಿಲ್ಲಿಸಿ ಮತ್ತೆ ಎರಡು ಹಲ್ಲು ಬಿಗಿ ಮಾಡುತ್ತೇನೆ. ಹಾಸಿಗೆ, ಬಟ್ಟೆ ಗಂಟು ಅಷ್ಟರಲ್ಲಿ ಕುಗ್ಗಿರುತ್ತವೆ. ಪಟ್ಟಿ ಗಾಳಿಗೆ ಗುಂಯ್ ಅಂದರೆ ಬಯಲಲ್ಲಿರುವ ಭಾಗಕ್ಕೆ ಅರ್ಧ ತಿರುವು ಕೊಟ್ಟರೆ ಸುಮ್ಮನಾಗುತ್ತೆ.

ನಾಲ್ಕರಲ್ಲಿ ಒಂದು ಹೋದ ವರ್ಷ ಅಂಚಿನಲ್ಲಿ ಕೊಯ್ದುಕೊಂಡಿತು. ಯಾರಾದರೂ ಮರೆತು ಮತ್ತೆ ಕಟ್ಟಿಯಾರು ಅಂತ ಅವತ್ತೇ ಎರಡು ತುಂಡು ಮಾಡಿದೆ. ಒಂದು ತುಂಡಿನಲ್ಲಿ ಈಗ ಹಿತ್ತಲಲ್ಲಿ ಬಟ್ಟೆ ಒಣಗುತ್ತವೆ. ಬಾಮೈದ ಟಾರ್ಪಾಲು ಕಟ್ಟೋಕೆ ಇವತ್ತಿಗೂ ಹಗ್ಗವನ್ನೇ ತರುತ್ತಾನೆ. ಅದಕ್ಕೆ ಹಗ್ಗವೇ ಸರಿ, ನಾನೂ ಏನೂ ಅನ್ನಲ್ಲ. ಆದರೆ ಬೀರು ಏರಿಸಿದ ಕೂಡಲೇ ಬಕೆಟ್ ಇಳಿಸುವವನು ಈಗ ಅವನೇ.